ಕಂಬ ಹತ್ತಿದವನ ಅನುಭವ ಪತ್ರ

ನಮ್ಮ ಕಸುಬಿನಲ್ಲಿ ಕೆಲಸ ಮಾಡುವವನು ಒಬ್ಬ, ಕಾಗದದ ಮೇಲೆ ಕೆಲಸ ಮಾಡಿದವನು ಇನ್ನೊಬ್ಬ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ಮೂವತ್ತೆಂಟು ವರ್ಷ ಪಾಂಡವಪುರದಲ್ಲಿ ವಿದ್ಯುತ್ ಗುತ್ತಿಗೆದಾರನಾಗಿ ಬದುಕಿದ್ದೇನೆ. ಶ್ರೀರಂಗಪಟ್ಟಣದ ಹೊಸ ಬಡಾವಣೆಗಳಿಂದ ಹಿಡಿದು ಕೆ.ಆರ್. ಪೇಟೆಯ ಆಲೆಮನೆಗಳವರೆಗೆ, ನಾಗಮಂಗಲದ ಬೋರ್‌ವೆಲ್ ಹೊಲಗಳವರೆಗೆ ಕರೆಂಟು ಕೊಡಿಸಿದ್ದೇನೆ. ಹಾಗಿದ್ದ ಮೇಲೆ ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ತಿಳಿಯದವರಿಗಾಗಿ ವಿವರಿಸುತ್ತೇನೆ. ಹೊಸ ಮನೆಗೋ ಗಿರಣಿಗೋ ವಿದ್ಯುತ್ ಸಂಪರ್ಕ ಬೇಕಾದರೆ, ಮೊದಲು ಲೈಸೆನ್ಸ್ ಇರುವ ಗುತ್ತಿಗೆದಾರನೊಬ್ಬ ಒಳಗಿನ ವೈರಿಂಗ್ ಮುಗಿಸಿ, ಅಳತೆ ತೆಗೆದು, ಕೆಲಸ ಮುಗಿದ ವರದಿಗೆ ಸಹಿ ಹಾಕಬೇಕು. ಆ ವರದಿಯ ಕೆಳಗೆ ಒಂದು ಅಂಕಣವಿದೆ. ಅಲ್ಲಿ ಕೆಲಸ ಮಾಡಿದ ವೈರ್‌ಮನ್‌ನ ಹೆಸರು ಮತ್ತು ಅವನ ಪರ್ಮಿಟ್ ಸಂಖ್ಯೆ ಬರೆಯಬೇಕು. ಪರ್ಮಿಟ್ ಎಂದರೆ ಸರ್ಕಾರ ಪರೀಕ್ಷೆ ಮಾಡಿ, ಇವನು ತಂತಿ ಮುಟ್ಟಬಹುದು ಎಂದು ಕೊಡುವ ಒಂದು ಚಿಕ್ಕ ಪುಸ್ತಕ. ಗುತ್ತಿಗೆದಾರನ ಲೈಸೆನ್ಸ್ ನವೀಕರಿಸುವಾಗಲೂ ಅಂಥವನೊಬ್ಬ ತನ್ನ ಕೈಕೆಳಗೆ ಇದ್ದಾನೆಂದು ತೋರಿಸಬೇಕು. ನಮ್ಮ ಕಡೆ ತಂತಿ ಮುಟ್ಟುವವರಲ್ಲಿ ಹೆಚ್ಚಿನವರ ಬಳಿ ಆ ಪುಸ್ತಕವಿಲ್ಲ. ಪುಸ್ತಕ ಇರುವವರಲ್ಲಿ ಹಲವರು ತಂತಿ ಮುಟ್ಟುವುದಿಲ್ಲ. ಹೀಗಾಗಿ ಪುಸ್ತಕವನ್ನು ಬಾಡಿಗೆಗೆ ತರುವ ರೂಢಿ ಬೆಳೆಯಿತು.

ನನಗೆ ಪುಸ್ತಕ ಕೊಡುತ್ತಿದ್ದವನು ಕೆ.ಆರ್. ಪೇಟೆಯಲ್ಲಿ ಹೋಟೆಲ್ ನಡೆಸುವ ಒಬ್ಬ ಗೃಹಸ್ಥ. ಪ್ರಾಯದಲ್ಲಿ ಐಟಿಐ ಓದಿ ಪರ್ಮಿಟ್ ಪಡೆದವನು ಆಮೇಲೆ ಮಾವನ ಹೋಟೆಲಿನ ಗಲ್ಲಾ ಹಿಡಿದ. ಪ್ರತಿ ನವೀಕರಣಕ್ಕೂ ನಾನು ಅವನ ಹೋಟೆಲಿಗೆ ಹೋಗಿ, ಒಂದು ಖಾಲಿ ದೋಸೆ ತಿಂದು, ಅವನ ಸಹಿ ತರುತ್ತಿದ್ದೆ.

"ಒಂದ್ಸಲನಾದ್ರೂ ಸೈಟಿಗೆ ಬಂದು ನಿಂತ್ಕಳಯ್ಯ, ಜನಕ್ಕೆ ನಿನ್ನ ಮುಖ ಗೊತ್ತಾಗ್ಲಿ" ಎಂದು ಒಮ್ಮೆ ಹೇಳಿದ್ದಕ್ಕೆ ಅವನು ಗಲ್ಲಾದಿಂದಲೇ ನಕ್ಕ. "ಮನೇಲಿ ಬಲ್ಬ್ ಬದ್ಲಾಯ್ಸೋಕೂ ನಮ್ಮ ಎಂಡ್ರು ಬುಡಲ್ಲ ಕಣಣ್ಣ. ನಾನು ಕಂಬ ಅತ್ತುದ್ರೆ ನಿನ್ನ ಲೈಸೆನ್ಸು ಇಳೀತದೆ."

ಅಲ್ಲಿ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವನ ಸಹಿ ಮಾತ್ರ ಅಚ್ಚುಕಟ್ಟಾಗಿತ್ತು, ಕೆಲಸ ಮಾಡದ ಕೈಯ ಸಹಿ.

ಕಂಬ ಹತ್ತುತ್ತಿದ್ದವನು ಬೇರೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಮುಸ್ಲಿಂ ಮನೆತನದವನು. ತಂದೆ ಟಾಂಗಾ ಹೊಡೆಯುತ್ತಿದ್ದರಂತೆ. ಇವನು ಏಳನೆಯ ತರಗತಿಗೆ ಶಾಲೆ ಬಿಟ್ಟು, ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತು, ಮದುವೆಯಾದ ಮೇಲೆ ನನ್ನ ಬಳಿ ಬಂದ. ನಾನು ಅವನನ್ನು ಬಾಯ್, ಎಂದರೆ ಭಾಯಿ, ಎನ್ನುತ್ತೇನೆ. ಅವನು ನನ್ನನ್ನು ಯಜಮಾನ್ರೆ ಎನ್ನುತ್ತಾನೆ. ಆ ಸಂಬೋಧನೆಯಲ್ಲಿ ಏನಿದೆ, ಏನಿಲ್ಲ ಎಂದು ನಾನು ಯೋಚಿಸಿದ್ದು ತೀರ ಈಚೆಗೆ.

ಅವನ ಕೆಲಸದ ಬಗ್ಗೆ ಒಂದು ಮಾತು ಹೇಳಿದರೆ ಸಾಕು. ಮಿಂಚಿನ ಅಥವಾ ಸೋರಿದ ವಿದ್ಯುತ್ತು ನೆಲಕ್ಕೆ ಇಳಿದುಹೋಗಲೆಂದು ಕಟ್ಟಡದ ಪಕ್ಕ ಗುಂಡಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಉಪ್ಪು ಇದ್ದಿಲು ತುಂಬುತ್ತೇವೆ. ಎಲ್ಲರೂ ಕಳ್ಳತನ ಮಾಡುವುದು ಈ ಗುಂಡಿಯಲ್ಲೇ, ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲವಲ್ಲ. ಬಿಂಡಿಗನವಿಲೆಯ ಕಡೆ ನೆಲ ಒಣ, ಗಟ್ಟಿ, ಕರೆಂಟು ಇಳಿಯುವ ಹಸಿ ಮಣ್ಣು ಸಿಗಬೇಕಾದರೆ ಆಳಕ್ಕೆ ಹೋಗಬೇಕು. ಅಲ್ಲಿ ಗುಂಡಿ ತೋಡಲು ಬಂದ ಆಳುಗಳು ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ಹಾರೆ ಕೆಳಗಿಟ್ಟು ಬೀಡಿ ಹಚ್ಚಿದರೆ, ಬಾಯ್ ತಾನೇ ಇಳಿದು, ತಳದ ಮಣ್ಣು ಹಿಡಿದು ನೋಡಿ, "ಇನ್ನೂ ಬೆಚ್ಚಗದೆ. ತಣ್ಣಗಾಗೋಗಂಟ ತೋಡ್ರಪ್ಪಾ" ಎನ್ನುತ್ತಿದ್ದ. ಅವರು ಬಯ್ಯುತ್ತ ತೋಡುತ್ತಿದ್ದರು. ಅವನು ಮಾಡಿಸಿದ ಗುಂಡಿಯ ಅಳತೆ ತೆಗೆಯುವಾಗ ನನ್ನ ಮೀಟರಿನ ಮುಳ್ಳು ನನಗೆ ಎಂದೂ ಅವಮಾನ ಮಾಡಿಲ್ಲ.

ಅವಮಾನಗಳ ವಿಷಯ ಬಂದದ್ದರಿಂದ ಹೇಳುತ್ತೇನೆ, ಅವುಗಳ ಮಟ್ಟಿಗೆ ನನಗೆ ಮರೆವೆಂಬುದಿಲ್ಲ. ಒಂದು ಕಚೇರಿಯಲ್ಲಿ ಮೂರು ಕುರ್ಚಿ ಖಾಲಿಯಿದ್ದಾಗಲೂ ನನ್ನನ್ನು ಒಂದು ಗಂಟೆ ನಲವತ್ತು ನಿಮಿಷ ನಿಲ್ಲಿಸಿದರು. ಕುರ್ಚಿಗಳು ಹಸಿರು ಬಣ್ಣದವು, ಒಂದರ ಬೆತ್ತ ಹರಿದಿತ್ತು. ಶ್ರೀರಂಗಪಟ್ಟಣದ ಒಂದು ಮನೆಯ ಗೃಹಪ್ರವೇಶದಲ್ಲಿ ಗಾರೆಯವನಿಗೆ, ಬಡಗಿಗೆ, ನೆಲಕ್ಕೆ ಕಲ್ಲು ಹಾಸಿದವನಿಗೆ ಪಂಚೆ ಶಲ್ಯ ಕೊಟ್ಟು ತಾಂಬೂಲವಿತ್ತರು. ನನ್ನ ನೆನಪು ಬಂದದ್ದು ಊಟದ ಹೊತ್ತಿಗೆ ಫ್ಯಾನು ನಿಂತಾಗ. ಹೋಗಿ ಸರಿಮಾಡಿದೆ, ಊಟಕ್ಕೆ ಕೂರಲಿಲ್ಲ. ನಾಗಮಂಗಲದ ಕಡೆ ಲೈನ್ ಎಳೆಯುವ ಕೆಲಸವನ್ನು ಎಲ್ಲಿಂದಲೋ ಬಂದ ದೊಡ್ಡ ಕಂಪನಿಗೆ ಒಟ್ಟಾಗಿ ಕೊಟ್ಟರು. ನಮ್ಮಂಥವರು ಆ ಟೆಂಡರಿಗೆ ಅರ್ಜಿ ಹಾಕುವ ಯೋಗ್ಯತೆಯವರಲ್ಲ ಎಂದರು. ಎರಡು ತಿಂಗಳಾದ ಮೇಲೆ ಅದೇ ಕಂಪನಿಯ ಹುಡುಗನೊಬ್ಬ ಫೋನ್ ಮಾಡಿ, ಕಂಬಕ್ಕೆ ಇಷ್ಟು ಎಂಬ ದರದಲ್ಲಿ ತುಂಡು ಕೆಲಸ ಮಾಡಿಕೊಡುತ್ತೀರಾ ಎಂದು ನಮ್ಮನ್ನೇ ಕೇಳಿದ. ಮಾಡಿಕೊಟ್ಟೆವು, ಬೇರೆ ದಾರಿ ಇರಲಿಲ್ಲ.

ಲೈಸೆನ್ಸಿನ ಶುಲ್ಕ ದೊಡ್ಡದೆಂದು ಜನ ತಿಳಿದಿದ್ದಾರೆ. ಅದು ದೊಡ್ಡದಲ್ಲ, ಅದರ ಸುತ್ತ ಬೆಳೆದಿರುವ ಗಿಡಗಂಟಿ ದೊಡ್ಡದು. ಅಳತೆಯ ಮೀಟರುಗಳನ್ನು ನಾನು ಬಟ್ಟೆಯಲ್ಲಿ ಸುತ್ತಿ ಮಕ್ಕಳಂತೆ ಇಟ್ಟಿದ್ದರೂ ಅವು ಸರಿಯಾಗಿವೆಯೆಂದು ಮೈಸೂರಿಗೆ ಕಳಿಸಿ ಪ್ರಮಾಣಪತ್ರ ತರಬೇಕು. ಬ್ಯಾಂಕಿನಿಂದ ನಾನು ದಿವಾಳಿಯಲ್ಲವೆಂಬ ಪತ್ರ ತರಬೇಕು. ಕೆಲಸದವರ ವಿಮೆ ಮಾಡಿಸಬೇಕು. ಈಗ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕು. ನನಗೆ ಅದು ಬರುವುದಿಲ್ಲವಾದ್ದರಿಂದ ಬಸ್ ಸ್ಟ್ಯಾಂಡ್ ಬಳಿಯ ಅಂಗಡಿಯ ಹುಡುಗಿ ಏರಿಸಿಕೊಡುತ್ತಾಳೆ. ಇಷ್ಟೆಲ್ಲ ಮಾಡಿ ಗೋಡೆಗೆ ಲೈಸೆನ್ಸ್ ತಗುಲಿ ಹಾಕಿದವನು, ಅದನ್ನು ಉಳಿಸಿಕೊಳ್ಳಲು ಒಂದು ಅಂಕಣದಲ್ಲಿ ಸುಳ್ಳು ಹೆಸರು ಬರೆಯುವುದು ತಪ್ಪೆಂದು ನನಗೆ ಆಗ ಅನ್ನಿಸಿರಲಿಲ್ಲ. ಎಲ್ಲರೂ ಬರೆಯುತ್ತಿದ್ದರು.

ಅನ್ನಿಸುವಂತೆ ಆದದ್ದು ಈಚೆಗೆ, ನಾಗಮಂಗಲದಿಂದ ಬಿಂಡಿಗನವಿಲೆಗೆ ಹೋಗುವ ದಾರಿಯಲ್ಲಿ ಕಟ್ಟಿದ ಒಂದು ತೆಂಗಿನ ನಾರಿನ ಕಾರ್ಖಾನೆಯಲ್ಲಿ. ಮೂರು ವಾರ ಬಾಯ್ ಅಲ್ಲೇ ಇದ್ದು ಯಂತ್ರಗಳಿಗೆಲ್ಲ ವೈರಿಂಗ್ ಮಾಡಿದ್ದ. ನಾರಿನ ಧೂಳು ಒಳಗೆ ಹೋಗದಂತೆ ಪ್ಯಾನೆಲ್ ಪೆಟ್ಟಿಗೆಯ ಬಾಗಿಲಿನ ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿದ್ದ. ಅದನ್ನು ಯಾರೂ ಕೇಳಿರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಮೂವತ್ತೈದರ ಆಸುಪಾಸಿನವರು, ಮಾತು ಕಡಿಮೆ. ಪೆಟ್ಟಿಗೆ ತೆಗೆಸಿ, ಒಳಗಿನ ತಂತಿಗಳನ್ನು ಬಹಳ ಹೊತ್ತು ನೋಡಿ, ಜಡೆ ಹೆಣೆದ ಹಾಗಿದೆ ಎಂದರು.

"ಯಾರ್ರೀ ಮಾಡಿದ್ದು?"

ನಾನು ಕೆ.ಆರ್. ಪೇಟೆಯ ಹೋಟೆಲಿನವನ ಹೆಸರು ಹೇಳಿದೆ.

"ಅವರನ್ನ ಕರೀರಿ. ಪರ್ಮಿಟ್ ಜೊತೆ ಫೋಟೋ ತೆಗೀಬೇಕು, ಈಗ ಹೊಸ ಪದ್ಧತಿ."

"ಅವರಿಗೆ ಇವತ್ತು ಮೈ ಸರಿಯಿಲ್ಲ ಸಾರ್."

"ಇವರು?" ಎಂದು ಬಾಯ್ ಕಡೆ ತಿರುಗಿದರು.

"ಸಾಮಾನು ಹೊರೋನು ಸಾರ್" ಎಂದೆ.

ಈ ಮಾತು ನನ್ನ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದರೆ, ಅಭ್ಯಾಸವಿಲ್ಲದ ಮಾತು ಹಾಗೆ ಬರುವುದಿಲ್ಲ. ಬಾಯ್ ಬಾಗಿ, ಅಲ್ಲಿದ್ದ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ, ಹೊರುವವನು ಹೊರುವ ಹಾಗೆ. ನನ್ನ ಸುಳ್ಳಿಗೆ ಅವನು ಕೊಟ್ಟ ಸಾಕ್ಷಿ ಅದು.

ಅಧಿಕಾರಿ ಅದನ್ನು ನೋಡಿ, "ಸರಿ, ಆ ಪೆಟ್ಟಿಗೆ ಬಾಗಿಲು ಹಾಕಿ" ಎಂದು ಅವನಿಗೇ ಹೇಳಿದರು. ಬಾಯ್ ಹೋದ. ಲೋಹದ ಬಾಗಿಲನ್ನು ಹಿಡಿಯುವ ಮುಂಚೆ ಬಲಗೈಯ ಹಿಂಬದಿಯನ್ನು ಅದಕ್ಕೆ ಒಮ್ಮೆ ಸೋಕಿಸಿದ. ತಂತಿ ಕೆಲಸದವರಿಗೆ ಇದು ರಕ್ತಕ್ಕಿಳಿದ ಅಭ್ಯಾಸ. ಅಂಗೈಯಿಂದ ಮುಟ್ಟಿದಾಗ ಕರೆಂಟು ಹರಿಯುತ್ತಿದ್ದರೆ ಬೆರಳುಗಳು ಮಡಿಸಿಕೊಂಡು ಅದನ್ನೇ ಬಿಗಿಯಾಗಿ ಹಿಡಿದುಬಿಡುತ್ತವೆ. ಕೈಯ ಹಿಂಬದಿಯಾದರೆ ಅದೇ ಬಿಗಿತ ಕೈಯನ್ನು ದೂರ ಸೆಳೆಯುತ್ತದೆ. ಉಪ್ಪಿನ ಮೂಟೆ ಹೊರುವವನು ಯಾವನೂ ಬಾಗಿಲನ್ನು ಹಾಗೆ ಮುಟ್ಟುವುದಿಲ್ಲ.

ಅಧಿಕಾರಿ ಅದನ್ನು ಕಂಡರು. ಅವರು ಕಂಡದ್ದನ್ನು ನಾನು ಕಂಡೆ.

ಅವರು ಕೂಗಾಡಲಿಲ್ಲ, ಕಾರ್ಖಾನೆಯ ಮಾಲೀಕರ ಎದುರಿಗೆ ನನ್ನ ಮರ್ಯಾದೆ ತೆಗೆಯಲಿಲ್ಲ. ಜೀಪಿನ ಬಳಿಗೆ ಕರೆದು, "ಹಿರಿಯರು ನೀವು. ನಿಮ್ಮ ಲೈಸೆನ್ಸ್ ನವೀಕರಣ ಬರ್ತಾ ಇದೆ. ಅಷ್ಟರೊಳಗೆ ಈ ಮನುಷ್ಯನ್ನ ಪರೀಕ್ಷೆಗೆ ಕೂರಿಸಿ, ಪರ್ಮಿಟ್ ಕೊಡಿಸಿ. ನಿಮ್ಮ ಕೈಕೆಳಗೆ ಇವನಿಗೆ ಅನುಭವ ಇದೆ ಅಂತ ನೀವೊಂದು ಪತ್ರ ಕೊಟ್ರೆ ಸಾಕು. ಇಲ್ದಿದ್ರೆ ಮುಂದಿನ ಸಲ ನಾನು ನೋಡಿದ್ದನ್ನ ಬರೀಬೇಕಾಗ್ತದೆ" ಎಂದರು.

ವಾಪಸು ಬರುವಾಗ ನಾನು ಸ್ಕೂಟರಿನ ಹಿಂದೆ ಕೂತಿದ್ದೆ, ಬಾಯ್ ಓಡಿಸುತ್ತಿದ್ದ. ದಾರಿಬದಿಯ ಒಂದು ಅಂಗಡಿಯಲ್ಲಿ ಟೀ ಕುಡಿಯಲು ನಿಂತಾಗ ನಾನು ವಿಷಯ ಹೇಳಿದೆ.

"ಪರೀಕ್ಸೆನಾ? ನಂಗಾ?" ಎಂದು ನಕ್ಕ. "ಐವತ್ತು ದಾಟೋಯ್ತು ಯಜಮಾನ್ರೆ. ಮಮ್ಮಕ್ಳು ಸ್ಕೂಲಿಗೋಗ್ತಾವೆ, ನಾನೂ ಅವರ್ ಜೊತೆ ಚೀಲ ಆಕ್ಕೊಂಡು ಓಗದಾ?"

"ಬರೆಯೋದು ಕಮ್ಮಿ, ಬಾಯಲ್ಲಿ ಕೇಳೋದು ಜಾಸ್ತಿ ಅಂತೆ. ಅನುಭವದ ಪತ್ರ ನಾನು ಕೊಡ್ತೀನಿ."

ಅವನು ಲೋಟವನ್ನು ಕೈಯಲ್ಲಿ ತಿರುಗಿಸುತ್ತ, "ಮೂರ್ವರ್ಸ ಅಂತ ಬರ್ದ್ಬುಡಿ" ಎಂದ. "ಪರೀಕ್ಸೆಗೆ ಅಷ್ಟು ಸಾಕಂತೆ, ರಿವೈಂಡಿಂಗ್ ಅಂಗ್ಡಿ ಉಡ್ಗ ಬರ್ಸ್ಕೊಂಡಿದ್ದ. ಜಾಸ್ತಿ ಬರುದ್ರೆ ನಿಮ್ಗೇ ತೊಂದ್ರೆ."

ಅವನು ಹೇಳಿದ್ದು ಸರಿಯಾಗಿತ್ತು. ಇಪ್ಪತ್ತನಾಲ್ಕು ವರ್ಷ ಇವನು ನನ್ನ ಕೈಕೆಳಗೆ ದುಡಿದಿದ್ದಾನೆಂದು ಬರೆದರೆ, ಇಪ್ಪತ್ತನಾಲ್ಕು ವರ್ಷ ನಾನು ಪರ್ಮಿಟ್ ಇಲ್ಲದವನಿಂದ ಕೆಲಸ ಮಾಡಿಸಿ ಇನ್ನೊಬ್ಬನ ಹೆಸರು ಬರೆದಿದ್ದೇನೆಂದು ನಾನೇ ಬರೆದುಕೊಟ್ಟ ಹಾಗೆ. ಮೂರು ವರ್ಷ ಎಂದರೆ ಕೆಲಸ ಕಲಿಯುತ್ತಿದ್ದವನೆಂದುಕೊಂಡು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನು ತಲೆಯಾಡಿಸಿದೆ. ಆಮೇಲೆ ಸುಮ್ಮನಿರಲಾರದೆ, "ನಿಂಗೂ ಒಂದು ದಿನ ಪರ್ಮಿಟ್ ಬೇಕು ಅಂತ ಯಾವತ್ತೂ ಅನ್ನಿಸ್ಲೇ ಇಲ್ವಾ ಬಾಯ್? ಕೇಳ್ಬಾರ್ದಾಗಿತ್ತಾ?" ಎಂದೆ. ತಪ್ಪಿನಲ್ಲಿ ಒಂದು ಪಾಲನ್ನು ಅವನ ತಲೆಗೂ ಕಟ್ಟುವ ಉದ್ದೇಶ ನನಗಿತ್ತೆಂದು ಈಗ ತಿಳಿಯುತ್ತದೆ.

ಅವನು ನನ್ನನ್ನು ಅಚ್ಚರಿಯಿಂದ ನೋಡಿದ. "ಕೇಳಿದ್ನಲ್ಲ."

"ಯಾವಾಗ?"

"ಚಿನಕುರಳಿ ಜಲ್ಲಿ ಕ್ರಷರ್ ಕೆಲ್ಸ ಮಾಡ್ವಾಗ. ನಮ್ಮ ಎರಡ್ನೇ ಮಗ್ಳು ಉಟ್ಟಿದ್ ವರ್ಸ. ಫಾರಂ ತಂದಿದ್ದೆ, ನಿಮ್ ಸಯ್ನ್ ಬೇಕಾಗಿತ್ತು. ನೀವು ಅದನ್ನ ಓದ್ಬುಟ್ಟು, 'ಕಾಗ್ದ ಇಟ್ಕೊಂಡು ಏನ್ಲಾ ಮಾಡೀಯೆ, ಉಪ್ಪಿನ್ಕಾಯಿ ಆಕ್ಕೊಂಡೀಯಾ' ಅಂದ್ರಿ. ಕ್ರಷರ್‌ನೋರೆಲ್ಲ ನಗಾಡ್ಬುಟ್ರು." ಅವನೂ ನಕ್ಕ. "ಆಮ್ಯಾಕೆ ನಾ ಕೇಳ್ಳಿಲ್ಲ. ಬುಡಿ, ಅಳೇದು."

ಹಸಿರು ಕುರ್ಚಿಯ ಬೆತ್ತ ಹರಿದದ್ದು ನೆನಪಿರುವ ನನಗೆ ಇದು ನೆನಪಿರಲಿಲ್ಲ. ಸುಳ್ಳು ಹೇಳುತ್ತಿದ್ದಾನೆಂದು ಮೊದಲು ಅನ್ನಿಸಿತು. ಅವನ ಮುಖದಲ್ಲಿ ಸುಳ್ಳು ಇರಲಿಲ್ಲ. ಸಿಟ್ಟೂ ಇರಲಿಲ್ಲ. ಅದು ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮನೆಗೆ ಬಂದವನು ಹಳೆಯ ಕೆಲಸದ ಡೈರಿಗಳನ್ನು ತೆಗೆದೆ. ಚಿನಕುರಳಿಯ ಕೆಲಸದ ವಿವರ ನನ್ನ ಕೈಬರಹದಲ್ಲೇ ಇತ್ತು. ಎಷ್ಟು ಮೀಟರ್ ಕೇಬಲ್, ಎಷ್ಟು ಕ್ಲ್ಯಾಂಪ್, ಯಾವ ದಿನ ಮಳೆ, ಯಾವ ದಿನ ಕ್ರಷರಿನ ಮೇಸ್ತ್ರಿ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ ಎಂಬುದೂ ಇತ್ತು. ಫಾರಂ ಹಿಡಿದು ಬಂದವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದರೆ ಓದುತ್ತ ಓದುತ್ತ ಆ ಜಾಗ ಕಣ್ಣಿಗೆ ಬಂತು. ಜಲ್ಲಿಯ ಧೂಳು, ಸಿಮೆಂಟ್ ಚೀಲದ ಮೇಲೆ ಕೂತಿದ್ದ ನಾನು, ಧೂಳು ತಾಗಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದ ಒಂದು ಕಾಗದ. ಅದನ್ನು ನಾನು ಯಾಕೆ ಹಿಂದಕ್ಕೆ ಕೊಟ್ಟೆನೆಂಬುದೂ ನೆನಪಾಯಿತು. ತಮಾಷೆಗಲ್ಲ. ಪರ್ಮಿಟ್ ಕೈಗೆ ಬಂದರೆ ಇವನನ್ನು ಬೇರೆ ಗುತ್ತಿಗೆದಾರರು ಎರಡು ಕಾಸು ಹೆಚ್ಚು ಕೊಟ್ಟು ಕರೆದುಕೊಂಡು ಹೋಗುತ್ತಾರೆಂದು ನನಗೆ ಭಯವಿತ್ತು. ಕಾಗದವಿಲ್ಲದವನು ಎಲ್ಲಿಗೂ ಹೋಗುವುದಿಲ್ಲ. ಆ ದೊಡ್ಡ ಕಂಪನಿ ನಮ್ಮನ್ನು ಯೋಗ್ಯತೆಯಿಲ್ಲದವರೆಂದು ದೂರವಿಟ್ಟು, ಅದೇ ಕೆಲಸವನ್ನು ನಮ್ಮಿಂದ ಅಗ್ಗಕ್ಕೆ ಮಾಡಿಸಿಕೊಂಡದ್ದಕ್ಕೆ ನಾನು ಎಷ್ಟು ಜನರ ಮುಂದೆ ಎಷ್ಟು ಸಲ ಹರಿಹಾಯ್ದಿದ್ದೇನೆ!

ಬೆಳಿಗ್ಗೆ ಸ್ನಾನ ಮಾಡಿ, ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಪತ್ರ ಬರೆದೆ. ಈ ವ್ಯಕ್ತಿ ನನ್ನ ಬಳಿ ಇಪ್ಪತ್ತನಾಲ್ಕು ವರ್ಷಗಳಿಂದ ವೈರ್‌ಮನ್ ಕೆಲಸ ಮಾಡಿಕೊಂಡು ಬಂದಿದ್ದಾನೆ, ನನ್ನ ವರದಿಗಳಲ್ಲಿ ಬೇರೆಯವರ ಹೆಸರು ಇದ್ದರೂ ಕೆಲಸ ಇವನದೇ, ಅದರಲ್ಲಿ ಈತನ ತಪ್ಪಿಲ್ಲ ಎಂದು ಬರೆದು, ಮುಖ್ಯ ಕೆಲಸಗಳನ್ನು ತಾಲ್ಲೂಕುವಾರು ಪಟ್ಟಿ ಮಾಡಿದೆ. ಎರಡು ಪುಟವಾಯಿತು. ಬಾಯ್‌ಗೆ ಫೋನ್ ಮಾಡಿ, ಫೋಟೋ ಮತ್ತು ಆಧಾರ್ ತೆಗೆದುಕೊಂಡು ಬಾ, ಇವತ್ತೇ ಅರ್ಜಿ ಕೊಟ್ಟುಬಿಡೋಣ ಎಂದೆ. ಪತ್ರದಲ್ಲಿ ಏನಿದೆಯೆಂದು ಹೇಳಲಿಲ್ಲ.

ಕಚೇರಿಯಲ್ಲಿ ಅದೇ ಅಧಿಕಾರಿ ಇದ್ದರು. ಬಾಯ್ ಕೆಳಗೆ ಮರದಡಿ ನಿಂತ, ಅವನಿಗೆ ಕಚೇರಿಯ ಮೆಟ್ಟಿಲೆಂದರೆ ಆಗದು. ಅಧಿಕಾರಿ ನನಗೆ ಕೂರಲು ಹೇಳಿದರು. ಪತ್ರವನ್ನು ಒಮ್ಮೆ ಓದಿ, ಬಾಗಿಲ ಕಡೆ ನೋಡಿ, ಮತ್ತೊಮ್ಮೆ ಓದಿದರು.

"ಯಾರು ಬರೆದುಕೊಟ್ಟಿದ್ದು ಇದನ್ನ?"

"ನಾನೇ ಬರೆದದ್ದು."

"ಸ್ವಾಮಿ, ನಾನು ಕೇಳಿದ್ದು ಅನುಭವ ಪತ್ರ. ಇದನ್ನ ಒಳಗೆ ತಗೊಂಡ್ರೆ ಅವನ ಅರ್ಜಿ ಒಂದು ಕಡೆ ಹೋಗ್ತದೆ, ನಿಮ್ಮ ಮೇಲೆ ಫೈಲು ಇನ್ನೊಂದು ಕಡೆ ಏಳ್ತದೆ. ಮೂರು ವರ್ಷ ಅಂತ ಬರ್ಕೊಂಡು ಬನ್ನಿ. ಅವನಿಗೆ ಅದೇ ಪರೀಕ್ಷೆ, ಅದೇ ಪರ್ಮಿಟ್ಟು. ಒಂದು ರೂಪಾಯಿ ವ್ಯತ್ಯಾಸ ಇಲ್ಲ." ಅವರು ಪತ್ರವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಒಳ್ಳೆಯ ಮನಸ್ಸಿನಿಂದಲೇ ಸರಿಸಿದರು.

"ಮೂರು ವರ್ಷದ ಕೆಲಸಗಾರನ ಕೈಲಿ ಆ ಪ್ಯಾನೆಲ್ ಆಗ್ತಿತ್ತಾ ಸಾರ್? ನೀವೇ ನೋಡಿದ್ರಲ್ಲ."

ಅವರು ಗುಮಾಸ್ತೆಯನ್ನು ಕರೆದರು. ಆಕೆ ಪತ್ರಕ್ಕೆ ಮುದ್ರೆ ಒತ್ತಿ, ಸಂಖ್ಯೆ ಬರೆದು, ಪ್ರತಿಯನ್ನು ನನ್ನ ಕೈಗೆ ಕೊಟ್ಟಳು.

ಮೆಟ್ಟಿಲಿಳಿದು ಬರುವಾಗ ಏನೋ ಒಂದು ಹಗುರಾದಂತೆ ಇತ್ತು. ಬಾಯ್ ಬೀಡಿ ಎಸೆದು ಎದುರು ಬಂದ.

"ತಗೊಂಡ್ರಾ?"

"ತಗೊಂಡ್ರು" ಎಂದು ಪ್ರತಿಯನ್ನು ಅವನ ಕೈಗಿಟ್ಟೆ. ಅವನು ನಿಧಾನವಾಗಿ, ಬೆರಳಿಟ್ಟು ಓದಿದ. ಓದುವಾಗ ಅವನ ತುಟಿ ಅಲುಗುತ್ತದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅಲುಗುವುದು ನಿಂತಿತು. ಅವನ ಕಣ್ಣು ತುಂಬಬಹುದೆಂದು ನಾನು ನಿರೀಕ್ಷಿಸಿದ್ದೆ. ಈ ವಯಸ್ಸಿನಲ್ಲಿ ಇಂಥ ನಿರೀಕ್ಷೆಯನ್ನು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ.

"ಯಾರ್ನ ಕೇಳಿ ಬರುದ್ರಿ ಇದ್ನ?" ಎಂದ.

"ಇದ್ದದ್ದನ್ನ ಬರೆದೆ."

"ಮೂರು ಅಂತ ನಾ ಏಳಿರ್ಲಿಲ್ವಾ? ನಿಮ್ ಲೈಸೆನ್ಸ್ ಓಗ್ಬುಟ್ರೆ ಮೂವತ್ಮೂರು ಮನೆ ಕೆಲ್ಸ ಅರ್ಧಕ್ಕೆ ನಿಲ್ತದೆ. ನಾನು ಪರ್ಮಿಟ್ ಇಟ್ಕೊಂಡು ಯಾರತ್ರ ಓಗ್ಲಿ? ಈ ವಯಸ್ಸಲ್ಲಿ ಯಾವನ್ ಸೇರುಸ್ಕೊಂಡಾನು? ಮಗ್ಳ ಮದುವೆ ನಿಶ್ಚಯ ಮಾಡಿವ್ನಿ, ನಿಮ್ಗೂ ಗೊತ್ತು." ಧ್ವನಿ ಏರಿತು. ಗೇಟಿನ ಬಳಿ ಜೆರಾಕ್ಸ್ ಅಂಗಡಿಯವರು ತಿರುಗಿ ನೋಡಿದರು. "ಅವತ್ತು ಬ್ಯಾಡ ಅಂದಿದ್ದೂ ನೀವೇ. ಇವತ್ತು ಇಷ್ಟುದ್ದ ಬರ್ದಿದ್ದೂ ನೀವೇ. ನನ್ನ ಒಂದ್ ಮಾತು ಕೇಳೋದ್ ಬ್ಯಾಡ್ವಾ? ಸತ್ಯ ನಿಮ್ದು ಯಜಮಾನ್ರೆ, ವೊಟ್ಟೆ ನಂದು."

ಇಪ್ಪತ್ತನಾಲ್ಕು ವರ್ಷದಲ್ಲಿ ಅವನು ನನ್ನ ಮೇಲೆ ದನಿಯೆತ್ತಿದ್ದು ಅದೊಂದೇ ಸಲ. ಬೇರೆ ಯಾರಾದರೂ ಜನರ ನಡುವೆ ಹೀಗೆ ಮಾತಾಡಿದ್ದರೆ ನಾನು ಅದನ್ನು ವರ್ಷಗಟ್ಟಲೆ ಮಡಿಸಿಟ್ಟುಕೊಳ್ಳುತ್ತಿದ್ದೆ. ಅಲ್ಲಿ ನಿಂತು ಯೋಚಿಸಿದೆ. ಅವನ ಮಾತಿನಲ್ಲಿ ತಪ್ಪು ಸಿಗಲಿಲ್ಲ. ನಾನು ಪತ್ರ ಬರೆಯುವಾಗ ನನ್ನ ಮನಸ್ಸಿನ ಭಾರ ಅಳೆದಿದ್ದೆನೇ ಹೊರತು ಅವನ ಮನೆಯ ಒಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕ್ರಷರಿನಲ್ಲಿ ಅವನ ಕಾಗದವನ್ನು ಹಿಂದಕ್ಕೆ ಕೊಟ್ಟಾಗ ಅವನ ಬದುಕಿನ ಬಗ್ಗೆ ನಾನೊಬ್ಬನೇ ತೀರ್ಮಾನಿಸಿದ್ದೆ. ಈಗಲೂ ಅದನ್ನೇ ಮಾಡಿದ್ದೆ.

"ಹಿಂದಕ್ಕೆ ತಗೊಳ್ಲಾ?" ಎಂದು ಕೇಳಿದೆ. ಕೇಳಿದ್ದು ಪ್ರಾಮಾಣಿಕವಾಗಿಯೇ. ಅವನು ಹೂಂ ಎಂದಿದ್ದರೆ ಮೆಟ್ಟಿಲು ಹತ್ತುತ್ತಿದ್ದೆ.

ಅವನು ಪ್ರತಿಯನ್ನು ಇನ್ನೊಮ್ಮೆ ತೆರೆದು, ಕೆಲಸಗಳ ಪಟ್ಟಿಯ ಮೇಲೆ ಕಣ್ಣಾಡಿಸಿದ. ಬಿಂಡಿಗನವಿಲೆ, ಕಿಕ್ಕೇರಿ, ಚಿನಕುರಳಿ, ಅರಕೆರೆ. ಅದನ್ನು ನಾಲ್ಕಾಗಿ ಮಡಿಸಿ ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ.

"ಬ್ಯಾಡ. ಇರ್ಲಿ. ಬಸ್ಸು ಬಂದದೆ, ನಡೀರಿ."

ಮೂರು ವಾರದಲ್ಲಿ ನನಗೆ ನೋಟಿಸು ಬಂತು. ವಿವರಣೆ ಕೊಟ್ಟೆ, ವಿಚಾರಣೆಗೆ ಹೋದೆ. ಪತ್ರದಲ್ಲಿ ಇದ್ದದ್ದನ್ನೇ ಅಲ್ಲಿಯೂ ಹೇಳಿದೆ. ಹೋಟೆಲಿನವನು ಫೋನ್ ಮಾಡಿ, "ನನ್ನ ಎಸ್ರು ಎಳ್ದ್ಯಲ್ಲಣ್ಣ, ಇನ್ಮೇಲೆ ನಮ್ಮ ಓಟ್ಲು ಕಡೆ ಬರ್ಬ್ಯಾಡ" ಎಂದ. ಅವನು ಹೇಳಿದ್ದೂ ನ್ಯಾಯವೇ, ಅಂದಿನಿಂದ ಆ ಕಡೆ ಹೋಗಿಲ್ಲ. ಒಂದು ವರ್ಷದ ಮಟ್ಟಿಗೆ ನನ್ನ ಲೈಸೆನ್ಸ್ ಅಮಾನತಿನಲ್ಲಿದೆ. ಅರ್ಧಕ್ಕೆ ನಿಂತ ಕೆಲಸಗಳನ್ನು ಬೇರೆ ಗುತ್ತಿಗೆದಾರರಿಗೆ ಕೈಮುಗಿದು ಒಪ್ಪಿಸಿದೆ. ಅಂಗಡಿಯಲ್ಲಿ ಸ್ವಿಚ್ಚು, ಬಲ್ಬು, ವೈರು ಮಾರುತ್ತೇನೆ. ಮಾರಲು ಲೈಸೆನ್ಸ್ ಬೇಡ.

ಬಾಯ್ ಪರೀಕ್ಷೆಗೆ ಹೋಗಿಬಂದ. ಕೈಕೆಲಸದ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹಲಗೆ ಕೊಟ್ಟು ವೈರಿಂಗ್ ಮಾಡಲು ಹೇಳಿದರಂತೆ. ಉಳಿದವರೆಲ್ಲ ಸ್ಕ್ರೂಡ್ರೈವರ್ ಹಿಡಿದು ಕೂತರೆ ಇವನು ಎದ್ದುನಿಂತು ಮೇನ್ ಸ್ವಿಚ್ ಎಲ್ಲಿದೆ, ಮೊದಲು ಅದನ್ನು ನೋಡಬೇಕು ಎಂದನಂತೆ. "ಕಲ್ತಿರೋರು ಅವ್ರೆಲ್ಲ. ನಂಗೆ ಕರೆಂಟಂದ್ರೆ ಎದ್ರಿಕೆ ಕಣ್ರೀ, ಅದ್ಕೆ" ಎಂದು ನನಗೆ ಹೇಳಿದ. ಪರ್ಮಿಟ್ ಬಂತು. ನಾಗಮಂಗಲದ ಒಬ್ಬ ಗುತ್ತಿಗೆದಾರರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಅವನನ್ನು ಸೇರಿಸಿಕೊಂಡರು. ವಯಸ್ಸಾಯಿತೆಂದು ಯಾರೂ ಅನ್ನಲಿಲ್ಲ. ಅವನಿಗೆ ಅದು ಆಶ್ಚರ್ಯ, ನನಗೆ ಅಲ್ಲ.

ಮಗಳ ಮದುವೆಯ ಕಾರ್ಡ್ ಕೊಡಲು ಬಂದ ದಿನ ಅವನು ಜೇಬಿನಿಂದ ಇನ್ನೊಂದು ಕಾಗದ ತೆಗೆದು ಅಂಗಡಿಯ ಕೌಂಟರಿನ ಗಾಜಿನ ಮೇಲಿಟ್ಟ. ಪರ್ಮಿಟ್ಟಿನ ಜೆರಾಕ್ಸ್ ಪ್ರತಿ.

"ವರ್ಸ ಮುಗುದ್ಮೇಲೆ ಲೈಸೆನ್ಸಿಗೆ ಆಕ್ತೀರಲ್ಲ, ಆವಾಗ ಇದು ಬೇಕಾಯ್ತದೆ. ಇಟ್ಕಳಿ."

"ಇದಕ್ಕೆ ಬಾಡಿಗೆ ಎಷ್ಟು ಬಾಯ್?" ಎಂದು ತಮಾಷೆ ಮಾಡಿದೆ.

ಅವನು ನಗಲಿಲ್ಲ. "ಬಾಡಿಗೆ ಇಲ್ಲ. ನಾನೇ ಬರ್ತೀನಿ. ದಿನಗೂಲಿ ಈಗ್ಲೇ ಮಾತಾಡ್ಕೊಂಬುಡಣ" ಎಂದ.

ಒಂದು ಮೊತ್ತ ಹೇಳಿದ. ಅದು ನಾನು ಕೊಡುತ್ತಿದ್ದುದಕ್ಕಿಂತ ಬಹಳ ಹೆಚ್ಚು. ಎರಡು ನೂರು ಇಳಿಸು ಎನ್ನುವ ಮಾತು ಅಭ್ಯಾಸಬಲದಿಂದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಗಲಿ ಎಂದೆ.